ಸ್ವಂತ ಪಿಂಚಣಿ ಕಟ್ಟಿಕೊಂಡವರ ಬಜೆಟ್ ಲೆಕ್ಕ

ಫೆಬ್ರುವರಿ ಎಂದರೆ ಚಿಕ್ಕಮಗಳೂರಿನ ಕಡೆ ರೊಬಸ್ಟಾ ಕಾಫಿ ಕೊಯ್ಲಿನ ಗಡಿಬಿಡಿ. ಕಣದಲ್ಲಿ ಚೆರ್ರಿ, ಅಂದರೆ ಕಾಫಿ ಹಣ್ಣು, ಒಣಗುತ್ತಿರುತ್ತದೆ, ಅಕಾಲ ಮಳೆ ಬಂದೀತೇ ಎಂದು ಎಲ್ಲರ ಕಣ್ಣು ಆಕಾಶದ ಮೇಲಿರುತ್ತದೆ. ಆ ದಿನಗಳಲ್ಲೇ, 2026ರ ಬಜೆಟ್ ಮುಗಿದ ವಾರ, ಮೂಡಿಗೆರೆ ಕಡೆಯ ಎಸ್ಟೇಟೊಂದರಲ್ಲಿ ಮೂವತ್ತಾರು ವರ್ಷ ರೈಟರಾಗಿ (ಲೆಕ್ಕಪತ್ರ ಬರೆಯುವವರಾಗಿ) ದುಡಿದು ನಿವೃತ್ತರಾದ ಹಿರಿಯರೊಬ್ಬರು ಬಟ್ಟೆಯ ಚೀಲದ ತುಂಬ ಕಾಗದ ಹಿಡಿದುಕೊಂಡು ಮನೆಗೆ ಬಂದರು. ಪರಿಚಯದವರ ರಿಟರ್ನ್ಸ್ ತುಂಬಿಕೊಡುವುದು ನನಗೆ ಹಳೆಯ ಅಭ್ಯಾಸ. ಮನೆಯ ಹಳೆಯ ಹೆಂಚು ಇಳಿಸಿ ತಾರಸಿ ಹಾಕಿಸಲು ಅವರು ಜನವರಿಯಲ್ಲಿ ಮ್ಯೂಚುವಲ್ ಫಂಡಿನ ಯೂನಿಟ್‌ಗಳನ್ನು ಮಾರಿದ್ದರು. ನಾನು ಲೆಕ್ಕ ಹಾಕಿ ಕಟ್ಟಬೇಕಾದ ತೆರಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಹನ್ನೆರಡು ಲಕ್ಷದವರೆಗೆ ತೆರಿಗೆಯೇ ಇಲ್ಲ ಎಂದರಲ್ಲವೇ? ನನ್ನದು ಎಂಟು ಲಕ್ಷವೂ ದಾಟಿಲ್ಲ. ನನಗೇಕೆ ಮೂವತ್ತೈದು ಸಾವಿರ?’

ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕಾದರೆ ಕಳೆದ ಇಪ್ಪತ್ತು ವರ್ಷಗಳ ಬಜೆಟ್‌ಗಳನ್ನೇ ತಿರುವಿ ಹಾಕಬೇಕು.

ಮೊದಲು ಅವರ ಲೆಕ್ಕ. ಭವಿಷ್ಯನಿಧಿಯಿಂದ ಬರುವ ಪಿಂಚಣಿ ತಿಂಗಳಿಗೆ ₹3,000. ಹೆಚ್ಚಿನ ಕಡಿತಗಳನ್ನು ಬಿಟ್ಟು ಕಡಿಮೆ ದರ ಇಟ್ಟಿರುವ ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳ, ಪಿಂಚಣಿಗಳಿಂದ ನೇರವಾಗಿ ಕಳೆಯುವ ₹75,000ದವರೆಗಿನ ಪ್ರಮಾಣಿತ ಕಡಿತ ಇರುವುದರಿಂದ ಅದು ತೆರಿಗೆಯ ಲೆಕ್ಕಕ್ಕೇ ಬರುವುದಿಲ್ಲ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ ಮತ್ತು ಬ್ಯಾಂಕ್ ಠೇವಣಿಯ ಬಡ್ಡಿ ವರ್ಷಕ್ಕೆ ₹3 ಲಕ್ಷ. ಒಂದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡ ಫಂಡ್ ಮಾರಿದ್ದರಿಂದ ಬಂದ ದೀರ್ಘಾವಧಿ ಲಾಭ ₹5 ಲಕ್ಷ. ಒಟ್ಟು ₹8 ಲಕ್ಷ.

2025ರ ಬಜೆಟ್ ಹೇಳಿದ ₹12 ಲಕ್ಷದ ಮಾತು ನಿಜ. ಆದರೆ ಅದು ನಿಂತಿರುವುದು ತೆರಿಗೆ ರಿಯಾಯಿತಿಯ ಮೇಲೆ. ತೆರಿಗೆಯೇ ಇಲ್ಲದ ಮಿತಿ ₹4 ಲಕ್ಷ ಮಾತ್ರ. ಅದರ ಮೇಲೆ ಬೀಳುವ ತೆರಿಗೆಯನ್ನು ₹60,000ದವರೆಗೆ ಮನ್ನಾ ಮಾಡುವುದೇ ಆ ರಿಯಾಯಿತಿ. ಸಂಬಳ, ಪಿಂಚಣಿ, ಬಡ್ಡಿ, ಬಾಡಿಗೆ ಇಂಥವುಗಳಿಗೆ ಮನ್ನಾ ಸಿಗುತ್ತದೆ. ಷೇರು ಮತ್ತು ಷೇರು ಆಧಾರಿತ ಫಂಡ್‌ಗಳ ಲಾಭಕ್ಕೆ ಪ್ರತ್ಯೇಕ ದರ ಇರುವುದರಿಂದ ಅದಕ್ಕೆ ಸಿಗುವುದಿಲ್ಲ. ಹಾಗಾಗಿ ನಮ್ಮ ರೈಟರ ₹5 ಲಕ್ಷ ಲಾಭದಲ್ಲಿ ಬಳಕೆಯಾಗದೆ ಉಳಿದ ₹1 ಲಕ್ಷದ ಮೂಲ ಮಿತಿ ಕಳೆದು, ಫಂಡಿನ ಲಾಭಕ್ಕೆಂದೇ ಇರುವ ₹1.25 ಲಕ್ಷದ ವಿನಾಯಿತಿ ಕಳೆದು, ಉಳಿದ ₹2.75 ಲಕ್ಷಕ್ಕೆ ಶೇ 12.5 ಬಿತ್ತು. ತೆರಿಗೆಯ ಮೇಲೆ ಬೀಳುವ ಶೇ 4ರ ಸೆಸ್ ಸೇರಿ ₹35,750.

ಅವರ ಪಕ್ಕದ ಮನೆಯವರು ಇಡೀ ₹8 ಲಕ್ಷವನ್ನು ಠೇವಣಿಯ ಬಡ್ಡಿಯಾಗಿಯೇ ಪಡೆದಿದ್ದರೆ ತೆರಿಗೆ ಸೊನ್ನೆ. ಸರ್ಕಾರಿ ನೌಕರಿಯಿಂದ ನಿವೃತ್ತರಾಗಿ ವರ್ಷಕ್ಕೆ ₹8.75 ಲಕ್ಷ ಪಿಂಚಣಿ ಪಡೆಯುವವರಿಗೂ ಸೊನ್ನೆ. ಅಷ್ಟೇ ಹಣ, ಅಷ್ಟೇ ವಯಸ್ಸು. ಬಂದ ದಾರಿ ಬೇರೆ, ಅಷ್ಟೇ. ತಿಂಗಳ ಸಂಬಳದಿಂದ ಎರಡು ಸಾವಿರ, ಮೂರು ಸಾವಿರ ಎತ್ತಿಟ್ಟು ತನ್ನ ಪಿಂಚಣಿಯನ್ನು ತಾನೇ ಕಟ್ಟಿಕೊಂಡವನಿಗೆ ತೆರಿಗೆ ಬೀಳುತ್ತದೆ. ಇದನ್ನು ನಾನು ಅನ್ಯಾಯವೆಂದೇ ಭಾವಿಸುತ್ತೇನೆ. ಖಾಸಗಿ ಶಾಲೆಯ ಶಿಕ್ಷಕಿ, ಆಸ್ಪತ್ರೆಯ ನರ್ಸ್, ಅಂಗಡಿ ಇಟ್ಟವರು, ಎಸ್ಟೇಟ್ ಸಿಬ್ಬಂದಿ, ಹಾಸನದ ಕಾರ್ಖಾನೆಗಳಲ್ಲಿ ದುಡಿಯುವವರು, ಇವರಿಗೆ ಯಾರೂ ಪಿಂಚಣಿ ಕೊಡುವುದಿಲ್ಲ. ನೌಕರರ ಪಿಂಚಣಿ ಯೋಜನೆಯ ಕನಿಷ್ಠ ಮೊತ್ತ 2014ರಿಂದ ತಿಂಗಳಿಗೆ ₹1,000 ಎಂದರೆ, ಉಳಿದದ್ದನ್ನು ಅವರವರೇ ನೋಡಿಕೊಳ್ಳಬೇಕು ಎಂದೇ ಅರ್ಥ.

ರೈಟರು ಎಸ್‌ಐಪಿ, ಅಂದರೆ ತಿಂಗಳಿಗಿಷ್ಟು ಎಂದು ಫಂಡಿಗೆ ಹಣ ಹಾಕುವುದನ್ನು, ಶುರು ಮಾಡಿದ್ದು 2006ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು, 2004ರಲ್ಲಿ, ಷೇರು ವಹಿವಾಟು ತೆರಿಗೆಯನ್ನು ತಂದ ಸರ್ಕಾರ ಅದಕ್ಕೆ ಬದಲಾಗಿ ಷೇರುಗಳ ದೀರ್ಘಾವಧಿ ಲಾಭದ ಮೇಲಿನ ತೆರಿಗೆಯನ್ನು ಪೂರ್ತಿ ತೆಗೆದಿತ್ತು. ಒಂದು ವರ್ಷ ಇಟ್ಟುಕೊಂಡು ಮಾರಿದರೆ ತೆರಿಗೆ ಇಲ್ಲ ಎಂಬ ಮಾತನ್ನು ನಂಬಿಯೇ ಸಾವಿರಾರು ಸಣ್ಣ ಊರುಗಳ ಜನ ಬ್ಯಾಂಕಿನ ಬಾಗಿಲಿನಿಂದಾಚೆ ಕಾಲಿಟ್ಟರು. 2018ರ ಫೆಬ್ರುವರಿ 1ರಂದು ಅರುಣ್ ಜೇಟ್ಲಿ ಅವರ ಬಜೆಟ್ ₹1 ಲಕ್ಷ ಮೀರಿದ ಲಾಭದ ಮೇಲೆ ಶೇ 10 ತೆರಿಗೆಯನ್ನು ಮರಳಿ ತಂದಿತು. ಆಗ ಒಂದು ನ್ಯಾಯ ಪಾಲಿಸಲಾಯಿತು: 2018ರ ಜನವರಿ 31ರವರೆಗೆ ಬೆಳೆದ ಲಾಭವನ್ನು ಮುಟ್ಟಲಿಲ್ಲ. 2024ರ ಜುಲೈ 23ರಂದು ನಿರ್ಮಲಾ ಸೀತಾರಾಮನ್ ಅವರು ಮಂಡಿಸಿದ ಬಜೆಟ್ ದರವನ್ನು ಶೇ 12.5ಕ್ಕೆ ಏರಿಸಿತು, ವಿನಾಯಿತಿಯನ್ನು ₹1.25 ಲಕ್ಷ ಮಾಡಿತು, ಒಂದು ವರ್ಷದೊಳಗೆ ಮಾರುವವರ ದರವನ್ನು ಶೇ 15ರಿಂದ 20ಕ್ಕೆ ಒಯ್ದಿತು. ಈ ಬಾರಿ ಅಲ್ಲಿಯವರೆಗೆ ಬೆಳೆದ ಲಾಭಕ್ಕೆ ರಕ್ಷಣೆ ಕೊಡಲಿಲ್ಲ. ಹೊಸ ದರ ಅಂದಿನಿಂದಲೇ ಜಾರಿಯಾಯಿತು.

ಸೊನ್ನೆ ಎಂದು ಶುರುವಾದದ್ದು ಹತ್ತಾಗಿ, ಹನ್ನೆರಡೂವರೆಯಾಯಿತು. ಕಾಫಿ ಗಿಡ ನೆಟ್ಟವನಿಗೆ ಬೆಲೆ ಏರುಪೇರಾಗುತ್ತದೆ ಎಂದು ಗೊತ್ತು, ಅದಕ್ಕೆ ಅವನು ಸಿದ್ಧನಿರುತ್ತಾನೆ. ತೋಟ ಫಸಲಿಗೆ ಬರುವ ಹೊತ್ತಿಗೆ ಗೇಣಿಯ ಕರಾರೇ ಬದಲಾದರೆ ಏನು ಮಾಡಬೇಕು?

ಹಾಗೆಂದು 2024ರ ಬದಲಾವಣೆ ಎಲ್ಲ ಸಣ್ಣ ಹೂಡಿಕೆದಾರರಿಗೂ ನಷ್ಟ ತಂದಿತು ಎಂದರೆ ಅದೂ ತಪ್ಪು. ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ. ವರ್ಷಕ್ಕೆ ₹2.25 ಲಕ್ಷ ಲಾಭ ಬಂದರೆ ಹಳೆಯ ನಿಯಮದಲ್ಲಿ ₹1.25 ಲಕ್ಷಕ್ಕೆ ಶೇ 10, ಅಂದರೆ ₹12,500. ಹೊಸ ನಿಯಮದಲ್ಲಿ ₹1 ಲಕ್ಷಕ್ಕೆ ಶೇ 12.5, ಅದೂ ₹12,500. ಅದಕ್ಕಿಂತ ಕಡಿಮೆ ಲಾಭ ಪಡೆಯುವವರಿಗೆ ಹೊಸ ನಿಯಮದಲ್ಲಿ ತೆರಿಗೆ ಇಳಿದಿದೆ. ಪೆಟ್ಟು ಬೀಳುವುದು ಒಂದೇ ವರ್ಷದಲ್ಲಿ ದೊಡ್ಡ ಗಂಟು ಬಿಚ್ಚುವವರಿಗೆ. ₹25 ಲಕ್ಷ ಲಾಭವನ್ನು ಒಂದೇ ಸಲ ತೆಗೆದರೆ ಹಿಂದೆ ಸೆಸ್ ಬಿಟ್ಟು ₹2.40 ಲಕ್ಷ ಕಟ್ಟಬೇಕಿತ್ತು. ಈಗ ₹2,96,875. ನಮ್ಮ ಊರುಗಳಲ್ಲಿ ಗಂಟು ಬಿಚ್ಚುವ ಸಂದರ್ಭಗಳು ಎಲ್ಲರಿಗೂ ಗೊತ್ತಿರುವಂಥವೇ: ಮಗಳ ಮದುವೆ, ಮಂಗಳೂರಿನ ಆಸ್ಪತ್ರೆಯ ಬಿಲ್ಲು, ಮನೆಯ ಕೆಲಸ. ಇವಕ್ಕೆ ಆರ್ಥಿಕ ವರ್ಷ ನೋಡಿ ಮುಹೂರ್ತ ಇಡಲು ಬಹಳ ಸಲ ಆಗುವುದಿಲ್ಲ.

ಆಗುವ ಕಡೆಯಾದರೂ ನೋಡಬೇಕು. ರೈಟರ ತಾರಸಿಯ ಕೆಲಸ ಎರಡು ಕಂತಿನದು. ಅರ್ಧ ಯೂನಿಟ್‌ಗಳನ್ನು ಜನವರಿಯಲ್ಲಿ ಮಾರಿ, ಉಳಿದರ್ಧವನ್ನು ಏಪ್ರಿಲ್ ಮೊದಲ ವಾರ ಮಾರಿದ್ದರೆ ಲಾಭ ಎರಡು ವರ್ಷಗಳಿಗೆ ಹಂಚಿಹೋಗುತ್ತಿತ್ತು. ಪ್ರತಿ ವರ್ಷ ₹2.5 ಲಕ್ಷ ಲಾಭ, ಅದರಲ್ಲಿ ಉಳಿದ ಮೂಲ ಮಿತಿ ₹1 ಲಕ್ಷ, ವಿನಾಯಿತಿ ₹1.25 ಲಕ್ಷ ಹೋದರೆ ತೆರಿಗೆ ಬೀಳುವುದು ₹25,000ಕ್ಕೆ ಮಾತ್ರ. ಬಡ್ಡಿಯ ಆದಾಯ ಅಷ್ಟೇ ಇರುತ್ತದೆಂದು ಹಿಡಿದರೆ ಎರಡು ವರ್ಷಕ್ಕೆ ಸೇರಿ ₹6,500. ಉಳಿಯುತ್ತಿದ್ದದ್ದು ₹29,250. ಆ ಹಣದಲ್ಲಿ ಎಷ್ಟು ಚೀಲ ಸಿಮೆಂಟ್ ಬರುತ್ತಿತ್ತು ಎಂದು ಅವರು ಕೂತಲ್ಲೇ ಲೆಕ್ಕ ಹಾಕಿದರು. ಇದನ್ನು ಮಾರುವ ಮೊದಲು ಯಾರೂ ಅವರಿಗೆ ಹೇಳಿರಲಿಲ್ಲ. ಫಂಡ್ ಮಾರಿಸಿದ ಏಜೆಂಟರು ಹೇಳಬಹುದಿತ್ತು. ನಾನೂ ಮೊದಲೇ ಅವರನ್ನು ಕೇಳಿ ತಿಳಿದುಕೊಳ್ಳಬಹುದಿತ್ತು ಎನ್ನುವ ನೋವು ನನಗಿದೆ.

ಷೇರು ಫಂಡ್‌ನಲ್ಲಿ ಭಯ ಎನ್ನುವವರು ಸಾಲಪತ್ರ ಆಧಾರಿತ ಫಂಡ್‌ಗಳಲ್ಲಿ ಹಣ ಇಡುತ್ತಿದ್ದರು. ಮೂರು ವರ್ಷ ದಾಟಿದರೆ ಹಣದುಬ್ಬರದ ಸೂಚ್ಯಂಕಕ್ಕೆ ತಕ್ಕಂತೆ ಕೊಂಡ ಬೆಲೆಯನ್ನು ಏರಿಸಿಕೊಂಡು, ನಿಜವಾದ ಲಾಭಕ್ಕಷ್ಟೇ ತೆರಿಗೆ ಕಟ್ಟುವ ಅನುಕೂಲ ಅಲ್ಲಿತ್ತು. 2023ರಲ್ಲಿ ಅದು ಹೋಯಿತು. ಆ ವರ್ಷದ ಬಜೆಟ್ ಭಾಷಣದಲ್ಲಿ ಈ ಸುದ್ದಿಯೇ ಇರಲಿಲ್ಲ. ಮಾರ್ಚ್ 24ರಂದು ಹಣಕಾಸು ಮಸೂದೆಗೆ ಲೋಕಸಭೆ ಒಪ್ಪಿಗೆ ಕೊಡುವಾಗ ತಿದ್ದುಪಡಿಯಾಗಿ ಬಂತು, ಒಂದು ವಾರದಲ್ಲಿ, ಏಪ್ರಿಲ್ 1ರಿಂದ, ಹೊಸದಾಗಿ ಕೊಂಡ ಯೂನಿಟ್‌ಗಳಿಗೆ ಅನ್ವಯವಾಯಿತು. ಎಷ್ಟು ವರ್ಷ ಇಟ್ಟುಕೊಂಡರೂ ಈಗ ಅದರ ಲಾಭ ಬಡ್ಡಿಯಂತೆಯೇ ಸಾಮಾನ್ಯ ದರದ ಲೆಕ್ಕಕ್ಕೆ ಹೋಗುತ್ತದೆ. ಆಗ ಎಲ್ಲರೂ ಶಪಿಸಿದ ಈ ಬದಲಾವಣೆ 2025ರ ನಂತರ ಬೇರೆ ಮುಖ ತೋರಿಸಿದೆ. ಸಾಮಾನ್ಯ ದರದ ಆದಾಯವಾದ್ದರಿಂದ ₹12 ಲಕ್ಷದೊಳಗಿನ ಹಿರಿಯರಿಗೆ ಇದಕ್ಕೆ ರಿಯಾಯಿತಿ ಸಿಗುತ್ತದೆ! ಹೆಚ್ಚು ಅಪಾಯ ಹೊತ್ತು ಷೇರು ಫಂಡ್‌ನಲ್ಲಿ ಇಟ್ಟವರಿಗೆ ತೆರಿಗೆ, ಸಾಲಪತ್ರದಲ್ಲಿ ಇಟ್ಟವರಿಗೆ ಮನ್ನಾ. ಇದನ್ನು ಯಾರೂ ಯೋಚಿಸಿ ಮಾಡಿದ್ದಲ್ಲ, ತುಂಡುತುಂಡಾಗಿ ತಂದ ಬದಲಾವಣೆಗಳು ಒಂದಕ್ಕೊಂದು ತಗುಲಿ ಹೀಗಾಗಿದೆ ಎಂದು ನನ್ನ ಅನಿಸಿಕೆ. ಇಂದು ಲಾಭ ಎಂದು ಹಣವನ್ನೆಲ್ಲ ಅತ್ತ ಸಾಗಿಸುವವರು ಇದನ್ನು ನೆನಪಿಡಬೇಕು.

ಕಂಪನಿಗಳು ಹಂಚುವ ಲಾಭಾಂಶ, ಅಂದರೆ ಡಿವಿಡೆಂಡ್ ಕೂಡ ಇದೇ ಗುಂಪಿನದು. 2020ರ ಏಪ್ರಿಲ್‌ನಿಂದ ಅದು ಪಡೆದವರ ಕೈಯಲ್ಲಿ ಸಾಮಾನ್ಯ ಆದಾಯ.

ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಅಂದರೆ ಎನ್‌ಪಿಎಸ್ ವಿಷಯಕ್ಕೆ ಬಂದರೆ ಇನ್ನೊಂದು ಬಗೆಯ ತಾರತಮ್ಯ ಕಾಣುತ್ತದೆ. 2004ರಲ್ಲಿ ಕೇಂದ್ರ ನೌಕರರಿಗೆ ಶುರುವಾದ ಈ ವ್ಯವಸ್ಥೆ 2009ರ ಮೇ 1ರಿಂದ ಎಲ್ಲ ನಾಗರಿಕರಿಗೂ ತೆರೆಯಿತು. 2015ರ ಬಜೆಟ್ ಇದಕ್ಕೆಂದೇ ₹50,000ದ ಹೆಚ್ಚುವರಿ ಕಡಿತ ಕೊಟ್ಟಾಗ ಚಿಕ್ಕಮಗಳೂರು, ಹಾಸನಗಳ ವಕೀಲರು, ವೈದ್ಯರು, ವರ್ತಕರು ಖಾತೆ ತೆರೆದರು. ಹೊಸ ತೆರಿಗೆ ಪದ್ಧತಿಯಲ್ಲಿ ಆ ಕಡಿತ ಇಲ್ಲ. ಉಳಿದಿರುವುದು ಉದ್ಯೋಗದಾತರು ಕಟ್ಟುವ ಪಾಲಿಗೆ ಸಿಗುವ ಕಡಿತ ಮಾತ್ರ. 2024ರ ಬಜೆಟ್ ಖಾಸಗಿ ನೌಕರರಿಗೆ ಅದನ್ನು ಮೂಲ ವೇತನದ ಶೇ 10ರಿಂದ 14ಕ್ಕೆ ಏರಿಸಿತು. ಒಳ್ಳೆಯದೇ. ಮೂಲ ವೇತನ ₹30,000 ಇದ್ದವರಿಗೆ ತಿಂಗಳಿಗೆ ₹4,200ರವರೆಗೆ ತೆರಿಗೆ ಇಲ್ಲದೆ ನಿವೃತ್ತಿಗೆ ಸೇರಬಹುದು. ಇದಕ್ಕೆ ಸಂಸ್ಥೆ ಮನಸ್ಸು ಮಾಡಬೇಕು. ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಿ ಮಾನವ ಸಂಪನ್ಮೂಲ ವಿಭಾಗ ಇದನ್ನು ನೋಡಿಕೊಳ್ಳುತ್ತದೆ. ನಮ್ಮಲ್ಲಿ ಹತ್ತು ಜನರ ನರ್ಸಿಂಗ್ ಹೋಮು, ಇಪ್ಪತ್ತು ಜನರ ಶಾಲೆ. ಕೇಳಬಹುದು ಎಂಬುದೇ ನೌಕರರಿಗೆ ತಿಳಿದಿಲ್ಲ, ಕೊಡಬಹುದು ಎಂಬುದು ಆಡಳಿತಕ್ಕೂ ತಿಳಿದಿಲ್ಲ. ಇನ್ನು ಸ್ವಂತ ದುಡಿಮೆಯವರಿಗೆ ಉದ್ಯೋಗದಾತರೇ ಇಲ್ಲ, ಅವರಿಗೆ ಹೊಸ ಪದ್ಧತಿಯಲ್ಲಿ ಒಂದು ರೂಪಾಯಿಯ ಕಡಿತವೂ ಇಲ್ಲ.

ಹೊರಬರುವಾಗ ಶೇ 60ರಷ್ಟು ಮೊತ್ತಕ್ಕೆ ತೆರಿಗೆ ಇಲ್ಲ. ಉಳಿದುದರಲ್ಲಿ ಆನ್ಯುಟಿ ಎಂದು ಕರೆಯುವ ವರ್ಷಾಶನ ಕೊಳ್ಳಬೇಕಿತ್ತು, ಅದರಿಂದ ಬರುವ ಹಣ ತೆರಿಗೆಗೆ ಒಳಪಟ್ಟ ಆದಾಯ. 2025ರ ಡಿಸೆಂಬರ್‌ನಲ್ಲಿ ಪಿಂಚಣಿ ನಿಧಿ ನಿಯಂತ್ರಣ ಪ್ರಾಧಿಕಾರ ಸರ್ಕಾರೇತರ ಚಂದಾದಾರರು ಶೇ 80ರವರೆಗೆ ಒಂದೇ ಗಂಟಾಗಿ ತೆಗೆಯಲು ದಾರಿ ಬಿಟ್ಟಿತು. ತೆಗೆಯಲು ಅನುಮತಿ ಕೊಡುವುದು ಪ್ರಾಧಿಕಾರ, ತೆರಿಗೆ ವಿನಾಯಿತಿ ಕೊಡುವುದು ಸಂಸತ್ತು. ಎರಡೂ ಒಂದೇ ಎಂದು ತಿಳಿದು ಶೇ 60ಕ್ಕಿಂತ ಮೇಲೆ ಕೈ ಹಾಕಬೇಡಿ. ಮತ್ತೊಂದು ಸೂಕ್ಷ್ಮವಿದೆ. ಸರ್ಕಾರ ಅಥವಾ ಸಂಸ್ಥೆ ಕೊಡುವ ಪಿಂಚಣಿ ಸಂಬಳದ ಮುಂದುವರಿಕೆ ಎಂದು ಪರಿಗಣಿತವಾಗುವುದರಿಂದ ₹75,000 ಕಡಿತ ಸಿಗುತ್ತದೆ. ಒಬ್ಬರು ತಮ್ಮ ಉಳಿತಾಯದಿಂದ ವಿಮಾ ಕಂಪನಿಯಲ್ಲಿ ಕೊಂಡ ವರ್ಷಾಶನ ‘ಇತರ ಮೂಲಗಳ ಆದಾಯ’. ಅದಕ್ಕೆ ಆ ಕಡಿತ ಇಲ್ಲ. ತಿಂಗಳ ಮೊದಲ ವಾರ ಇಬ್ಬರ ಖಾತೆಗೂ ಹಣ ಬರುತ್ತದೆ, ಇಬ್ಬರೂ ಅದನ್ನು ಪಿಂಚಣಿ ಎಂದೇ ಕರೆಯುತ್ತಾರೆ. ಕಾನೂನಿಗೆ ಮಾತ್ರ ಅವು ಬೇರೆ ಬೇರೆ.

ಕಾಫಿ ನಾಡಿಗೆ ಇದರ ಜೊತೆ ತನ್ನದೇ ಆದ ಒಂದು ಲೆಕ್ಕವಿದೆ. ಬೆಳೆದ ಕಾಫಿಯನ್ನು ಚೆರ್ರಿಯಾಗಿಯೋ ತಿರುಳು ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಆಗಿಯೋ ಮಾರಿದರೆ ಅದು ಕೃಷಿ ಆದಾಯ, ಕೇಂದ್ರದ ಆದಾಯ ತೆರಿಗೆ ಇಲ್ಲ. ಕ್ಯೂರಿಂಗ್ ಮಾಡಿಸಿ, ಅಂದರೆ ಸಿಪ್ಪೆ ಬಿಡಿಸಿ ಹಸನು ಮಾಡಿಸಿ, ಮಾರುವ ಬೆಳೆಗಾರರಿಗೆ ಆದಾಯದ ಶೇ 25 ವ್ಯಾಪಾರದ ಆದಾಯವೆಂದು ತೆರಿಗೆಗೆ ಬರುತ್ತದೆ, ಹುರಿದು ಪುಡಿ ಮಾಡಿ ಮಾರಿದರೆ ಶೇ 40. ಕಾಫಿಗೆ ಒಳ್ಳೆಯ ಬೆಲೆ ಬಂದ ಈಚಿನ ವರ್ಷಗಳಲ್ಲಿ ಸಕಲೇಶಪುರ, ಆಲ್ದೂರು, ಬಾಳೆಹೊನ್ನೂರಿನ ಕಡೆಯ ಸಣ್ಣ ಬೆಳೆಗಾರರೂ ಫಂಡ್‌ಗಳಲ್ಲಿ ಹಣ ತೊಡಗಿಸಿದ್ದನ್ನು ನಾನು ಕಂಡಿದ್ದೇನೆ. ತೋಟ ಬೆಳೆದದ್ದಕ್ಕೆ ತೆರಿಗೆ ಇಲ್ಲ, ತೋಟದ ದುಡ್ಡು ಬೆಳೆದದ್ದಕ್ಕೆ ತೆರಿಗೆ ಇದೆ ಎಂಬುದು ಅವರಲ್ಲಿ ಎಷ್ಟೋ ಜನರಿಗೆ ಮಾರುವ ದಿನದವರೆಗೂ ತಿಳಿದಿರುವುದಿಲ್ಲ.

ಭೂಮಿಯೂ ಇಲ್ಲಿ ಅನೇಕರ ಪಿಂಚಣಿಯೇ. ಗ್ರಾಮೀಣ ಕೃಷಿ ಜಮೀನು ಮಾರಿದರೆ ಬಂಡವಾಳ ಲಾಭದ ತೆರಿಗೆ ಇಲ್ಲ. ಗ್ರಾಮೀಣ ಎಂದರೆ ಯಾವುದು? ಒಂದು ಲಕ್ಷದಿಂದ ಹತ್ತು ಲಕ್ಷ ಜನಸಂಖ್ಯೆಯ ಪಟ್ಟಣವಾದರೆ ಅದರ ಗಡಿಯಿಂದ ಆರು ಕಿಲೋಮೀಟರ್ ಆಚೆ ಇರಬೇಕು. 2011ರ ಜನಗಣತಿಯಲ್ಲಿ ಹಾಸನ, ಚಿಕ್ಕಮಗಳೂರು ಎರಡೂ ಒಂದು ಲಕ್ಷ ದಾಟಿವೆ. ಸಕಲೇಶಪುರ, ಬೇಲೂರಿನಂಥ ಊರುಗಳಿಗೆ ಎರಡು ಕಿಲೋಮೀಟರ್ ಸಾಕು. ಇದು ರಸ್ತೆಯ ಅಳತೆಯಲ್ಲ, ನೇರ ವೈಮಾನಿಕ ದೂರ. ನಮ್ಮ ಸುತ್ತುಬಳಸಿನ ಮಲೆನಾಡ ರಸ್ತೆಗಳಲ್ಲಿ ಒಂಬತ್ತು ಕಿಲೋಮೀಟರ್ ತೋರಿಸುವ ಜಮೀನು ನೇರ ಅಳೆದರೆ ಐದೇ ಇರಬಹುದು.

ನಿವೇಶನದ ಕಥೆ ಬೇರೆ. 2024ರ ಜುಲೈನಲ್ಲಿ ಸೂಚ್ಯಂಕದ ಅನುಕೂಲವನ್ನು ಆಸ್ತಿಗೂ ತೆಗೆದು ಶೇ 12.5 ಎಂದರು. ಗದ್ದಲ ಎದ್ದ ಮೇಲೆ ಆಗಸ್ಟ್‌ನಲ್ಲಿ ತಿದ್ದಿ, 2024ರ ಜುಲೈ 23ಕ್ಕೆ ಮೊದಲು ಕೊಂಡ ಭೂಮಿ ಮತ್ತು ಕಟ್ಟಡಕ್ಕೆ ಸೂಚ್ಯಂಕ ಸಹಿತ ಶೇ 20 ಅಥವಾ ಸೂಚ್ಯಂಕವಿಲ್ಲದ ಶೇ 12.5, ಯಾವುದು ಕಡಿಮೆಯೋ ಅದು ಎಂದರು. 2005–06ರಲ್ಲಿ ₹3 ಲಕ್ಷಕ್ಕೆ ಕೊಂಡ ನಿವೇಶನ ಎಂದಿಟ್ಟುಕೊಳ್ಳಿ. ಆಗಿನ ಸೂಚ್ಯಂಕ 117, 2025–26ರದು 376. ಕೊಂಡ ಬೆಲೆ ಸುಮಾರು ₹9.64 ಲಕ್ಷವಾಗುತ್ತದೆ. ಈಗ ₹24 ಲಕ್ಷಕ್ಕೆ ಮಾರಿದರೆ ಹಳೆಯ ಲೆಕ್ಕದಲ್ಲಿ ತೆರಿಗೆ ಸುಮಾರು ₹2.87 ಲಕ್ಷ, ಹೊಸದರಲ್ಲಿ ₹2.62 ಲಕ್ಷ, ಹೊಸದೇ ಮೇಲು. ಅದೇ ನಿವೇಶನ ಬೆಲೆ ಏರದ ಬಡಾವಣೆಯಲ್ಲಿದ್ದು ₹15 ಲಕ್ಷಕ್ಕೆ ಮಾತ್ರ ಹೋದರೆ ಹಳೆಯದರಲ್ಲಿ ₹1.07 ಲಕ್ಷ, ಹೊಸದರಲ್ಲಿ ₹1.50 ಲಕ್ಷ. ಬೆಲೆ ಕುಂಟಿದ ಆಸ್ತಿಗೇ ಹೊಸ ನಿಯಮ ಹೆಚ್ಚು ಭಾರ. 2024ರ ಆ ದಿನದ ನಂತರ ಕೊಂಡವರಿಗೆ ಆಯ್ಕೆಯೇ ಇಲ್ಲ. ಇಪ್ಪತ್ತು ವರ್ಷದ ಹಣದುಬ್ಬರವನ್ನೂ ಲಾಭವೆಂದೇ ಎಣಿಸಿ ತೆರಿಗೆ ಕಟ್ಟಬೇಕು.

ಸರ್ಕಾರದ ವಾದದಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಒಂದೊಂದು ಆಸ್ತಿಗೆ ಒಂದೊಂದು ದರ, ಒಂದೊಂದು ಅವಧಿ ಇದ್ದುದು ಗೋಜಲೇ. ಷೇರಿನ ದೊಡ್ಡ ಲಾಭ ಉಳ್ಳವರಿಗೇ ಹೆಚ್ಚು ಹೋಗುತ್ತದೆ ಎಂಬುದೂ ಸರಿ. ದುಡಿದು ಸಂಬಳ ಪಡೆಯುವವರು ಶೇ 30 ಕಟ್ಟುವಾಗ ಕೂತು ಕೋಟಿ ಗಳಿಸಿದವರು ಶೇ 12.5 ಕಟ್ಟುವುದನ್ನು ಹೆಚ್ಚೆಂದು ಯಾರೂ ಹೇಳಲಾರರು. ಆದರೆ ಕೋಟಿಯವರಿಗೆ ಹಾಕಿದ ಬಲೆಯಲ್ಲಿ ರೈಟರನ್ನೂ ಹಿಡಿಯುವುದು ಏಕೆ? ಅರವತ್ತು ದಾಟಿದವರ ಒಟ್ಟು ಆದಾಯ ₹12 ಲಕ್ಷದೊಳಗಿದ್ದರೆ ಫಂಡಿನ ಲಾಭಕ್ಕೂ ರಿಯಾಯಿತಿ ಅನ್ವಯಿಸಬಹುದು. ಸ್ವಂತ ದುಡಿಮೆಯವರ ಎನ್‌ಪಿಎಸ್ ಪಾಲಿಗೆ ಹೊಸ ಪದ್ಧತಿಯಲ್ಲೂ ಕಡಿತ ಕೊಡಬಹುದು. ಸ್ವಂತ ಹಣದಲ್ಲಿ ಕೊಂಡ ವರ್ಷಾಶನವನ್ನೂ ಪಿಂಚಣಿ ಎಂದೇ ಒಪ್ಪಿಕೊಳ್ಳಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ದರ ಏರಿಸುವ ಪ್ರತಿ ಸಲವೂ 2018ರಲ್ಲಿ ಮಾಡಿದಂತೆ ಆ ದಿನದವರೆಗಿನ ಲಾಭಕ್ಕೆ ರಕ್ಷಣೆ ಕೊಡಬೇಕು.

2026ರ ಬಜೆಟ್ ಈ ದರಗಳನ್ನು ಮುಟ್ಟಲಿಲ್ಲ ಎಂದು ಹಲವರು ನಿಟ್ಟುಸಿರು ಬಿಟ್ಟಿದ್ದಾರೆ. ಆದರೆ ಚಿನ್ನದ ಬೆಲೆಗೆ ಜೋಡಿಸಿದ ಸರ್ಕಾರಿ ಪತ್ರಗಳಾದ ಸಾವರಿನ್ ಗೋಲ್ಡ್ ಬಾಂಡ್‌ಗಳನ್ನು ಇನ್ನೊಬ್ಬರಿಂದ ಮಾರುಕಟ್ಟೆಯಲ್ಲಿ ಕೊಂಡವರಿಗೆ ಅವಧಿ ಮುಗಿದಾಗ ಸಿಗುತ್ತಿದ್ದ ತೆರಿಗೆ ವಿನಾಯಿತಿಯನ್ನು ಅದು ತೆಗೆಯಿತು. ಮೊದಲ ವಿತರಣೆಯಲ್ಲೇ ಕೊಂಡು ಕೊನೆಯವರೆಗೆ ಇಟ್ಟುಕೊಂಡವರಿಗಷ್ಟೇ ಇನ್ನು ವಿನಾಯಿತಿ. ಈಗಾಗಲೇ ಕೊಂಡವರಿಗೂ ಅನ್ವಯ. ಮತ್ತೆ ಅದೇ ಹಾದಿ.

2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ 2025ರ ಆದಾಯ ತೆರಿಗೆ ಕಾಯ್ದೆ ಬರುತ್ತದೆ. ಭಾಷೆ ಸರಳವಾಗಿದೆ, ಸೆಕ್ಷನ್‌ಗಳ ಸಂಖ್ಯೆ ಬದಲಾಗಿದೆ, ಲಾಭದ ಮೇಲಿನ ದರ ಅದೇ. ತೆರಿಗೆ ಸೊನ್ನೆಯಾದರೂ ಒಟ್ಟು ಆದಾಯ ₹4 ಲಕ್ಷ ದಾಟಿದರೆ ರಿಟರ್ನ್ಸ್ ಸಲ್ಲಿಸಲೇಬೇಕು ಎಂಬುದನ್ನು ಬಹಳ ಜನ ಮರೆಯುತ್ತಿದ್ದಾರೆ. ಫಂಡ್ ಮಾರಿದ ವಿವರ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ತಾನಾಗಿ ಬಂದು ಕೂತಿರುತ್ತದೆ. ಹಿರಿಯರ ಬ್ಯಾಂಕ್ ಬಡ್ಡಿಗೆ ಮೂಲದಲ್ಲೇ ತೆರಿಗೆ ಮುರಿಯುವ ಮಿತಿ 2025ರ ಏಪ್ರಿಲ್‌ನಿಂದ ₹1 ಲಕ್ಷವಾಗಿದೆ. ಅದಕ್ಕಿಂತ ಹೆಚ್ಚು ಬಡ್ಡಿ ಇದ್ದು ತೆರಿಗೆ ಬೀಳದವರು ವರ್ಷದ ಆರಂಭದಲ್ಲೇ ಬ್ಯಾಂಕಿಗೆ ಘೋಷಣೆ ಕೊಟ್ಟರೆ ಹಣ ಮುರಿದುಕೊಳ್ಳುವುದಿಲ್ಲ.

ರೈಟರ ಬಳಿ ಇನ್ನೂ ಒಂದಿಷ್ಟು ಯೂನಿಟ್‌ಗಳಿವೆ. ಏಪ್ರಿಲ್ ಎರಡನೇ ವಾರ ಮೊದಲ ಕಂತು, ಮುಂದೆ ಪ್ರತಿ ವರ್ಷ ಲಾಭ ₹1.25 ಲಕ್ಷದ ಒಳಗೇ ಇರುವಷ್ಟು ಮಾತ್ರ ಮಾರುವುದು ಎಂದು ಒಂದು ಹಾಳೆಯಲ್ಲಿ ಬರೆದುಕೊಂಡಿದ್ದೇವೆ. ಮೊದಲು ಕೊಂಡ ಯೂನಿಟ್ ಮೊದಲು ಮಾರಾಟವಾದಂತೆ ಲೆಕ್ಕವಾಗುವುದರಿಂದ ಆರಂಭದ ವರ್ಷಗಳಲ್ಲಿ ಲಾಭದ ಪಾಲು ಹೆಚ್ಚು, ಕೈಗೆ ಬರುವ ಹಣ ಸ್ವಲ್ಪ ಕಡಿಮೆ. ಒಂದಷ್ಟನ್ನು ಹೆಂಡತಿಯ ಹೆಸರಿಗೆ ವರ್ಗಾಯಿಸಿದರೆ ಎರಡು ವಿನಾಯಿತಿ ಸಿಗುವುದಿಲ್ಲವೇ ಎಂದು ಅವರು ಕೇಳಿದರು. ಗಂಡ ಕೊಟ್ಟ ಹಣದ ಲಾಭ ಗಂಡನ ಲೆಕ್ಕಕ್ಕೇ ಮರಳುತ್ತದೆ ಎಂದೆ. ಆಕೆಗೆ ತವರಿನ ಜಮೀನಿನ ಕಾಫಿಯಿಂದ ಬರುವ ಹಣ ಆಕೆಯದೇ. ಅದನ್ನು ಈ ವರ್ಷದಿಂದ ಆಕೆಯ ಹೆಸರಿನ ಖಾತೆಯಲ್ಲೇ ಹೂಡುವುದೆಂದು ಹಾಳೆಯ ಕೊನೆಯ ಸಾಲಿನಲ್ಲಿ ಬರೆದುಕೊಂಡು, ಅದನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು ಹೊರಟರು.